ಸ್ಯಾಂಪಲ್ ನೋಡಿ ಕಳಿಸಿದ ಆಟಗಾರ

ನಮ್ಮ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುವವನೊಬ್ಬ ಬೇಕು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದವರು ಒಬ್ಬರೇ, ಹಾಲಿನ ಡೈರಿಯ ಸೆಕ್ರೆಟರಿ. ನಮ್ಮ ಗ್ರಹಚಾರಕ್ಕೆ ತಂಡದ ಅಧ್ಯಕ್ಷರೂ ಅವರೇ.

ನಂದಗುಡಿ ಕಡೆಯ ಹಳ್ಳಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಕೇಳುವವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ನಾವು ಹೈಸ್ಕೂಲಿನಲ್ಲಿದ್ದಾಗ ಕೋಲಾರದ ಚಿನ್ನದ ಗಣಿ ಕಡೆಯಿಂದ ಒಬ್ಬರು ಡ್ರಿಲ್ ಮೇಷ್ಟ್ರು ವರ್ಗವಾಗಿ ಬಂದರು. ಅವರಿಗೆ ಕಬಡ್ಡಿ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಕೈಗೊಂದು ಚೆಂಡು ಕೊಟ್ಟು ನಮ್ಮನ್ನೆಲ್ಲ ಕೆರೆಯಂಗಳಕ್ಕೆ ಅಟ್ಟಿದರು. ನಾಲ್ಕು ವರ್ಷದ ಮೇಲೆ ಮೇಷ್ಟ್ರು ವಾಪಸ್ಸು ಹೋದರು, ಚೆಂಡು ಇಲ್ಲೇ ಉಳಿಯಿತು. ನಮ್ಮಣ್ಣ ಅವರು ಕಟ್ಟಿದ ಮೊದಲ ತಂಡದವನು. ನನಗೆ ಆಟ ಹತ್ತಲಿಲ್ಲ, ಗೆರೆಯ ಆಚೆ ನಿಂತು ಕೂಗುವುದು ಮಾತ್ರ ಚೆನ್ನಾಗಿ ಹತ್ತಿತು.

ನಾನು ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಅಣ್ಣನಿಗೆ ಆಗ ಮೂವತ್ತೆಂಟು. ತಂಡದ ಕ್ಯಾಪ್ಟನ್ನು. ಆಟ ಆಡಿದ ಮಾರನೆಯ ದಿನ ಬಲಗಾಲಿನ ಮಂಡಿ ಊದಿಕೊಂಡು, ಹಾಲು ಕರೆಯಲು ಕುಕ್ಕರಗಾಲಿನಲ್ಲಿ ಕೂರಲಾಗದೆ ಸ್ಟೂಲು ಹಾಕಿಕೊಳ್ಳುತ್ತಿದ್ದ. ಇದೇ ಕೊನೆಯ ವರ್ಷ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ತಾಲ್ಲೂಕಿನ ಪಂದ್ಯಾವಳಿಯಲ್ಲಿ ನಾವು ಮೂರು ಸಲ ಫೈನಲ್ಲಿಗೆ ಹೋಗಿ ಮೂರು ಸಲವೂ ಸೋತವರು. ಮೂರರಲ್ಲೂ ಅಣ್ಣ ಆಡಿದ್ದ. "ಒಂದೇ ಒಂದ್ ಸಲ ಆ ಕಪ್ಪು ಇಟ್ಕೊಂಡು ಎಲ್ರ ಜೊತೆ ಫೋಟೋ ತೆಗೆಸ್ಕೊಂಡು ಬೂಟು ಬಿಚ್ಬಿಡ್ತೀನಿ ಕಣೋ. ಆಮೇಲೆ ನನ್ನ ಕರೀಬೇಡಿ" ಎನ್ನುತ್ತಿದ್ದ. ಅವನು ಜೀವನದಲ್ಲಿ ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ. ಇದೊಂದನ್ನು ಕೇಳಿದ್ದ.

ಪಂದ್ಯಾವಳಿಯ ನಿಯಮದಲ್ಲಿ ಒಂದು ಅನುಕೂಲವಿತ್ತು. ಯಾವ ತಂಡಕ್ಕೂ ಸೇರದೆ ಖಾಲಿ ಇರುವ ಹೊರಗಿನ ಆಟಗಾರರನ್ನು ಒಂದು ತಂಡ ಇಬ್ಬರ ತನಕ ಸೇರಿಸಿಕೊಳ್ಳಬಹುದು, ಸಂಕ್ರಾಂತಿಯೊಳಗೆ ಹೆಸರು ಕೊಡಬೇಕು ಅಷ್ಟೆ. ಎಲ್ಲ ತಂಡದವರೂ ಗಾಳಿ ಬಂದಾಗ ತೂರಿಕೊಳ್ಳುತ್ತಿದ್ದರು. ನಾವು ಮಾತ್ರ ಮೊರ ಹಿಡಿದು ಆಕಾಶ ನೋಡುತ್ತಿದ್ದೆವು. ದುಡ್ಡು ಇರಲಿಲ್ಲವೇ ಎಂದರೆ ಇತ್ತು. ಲೇಔಟು ಮಾಡುವವರು ಊರಿನವರ ಮನಸ್ಸು ಗೆಲ್ಲಲೆಂದು ತಂಡಕ್ಕೆ ದೇಣಿಗೆ ಕೊಟ್ಟಿದ್ದರು, ಅದು ಬ್ಯಾಂಕಿನಲ್ಲಿ ತಣ್ಣಗೆ ಮಲಗಿತ್ತು.

ದಿನಾ ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲಿನಲ್ಲಿ ಇದೇ ಮಾತು. ಶುರು ಮಾಡುತ್ತಿದ್ದವನು ಗೊಬ್ಬರದಂಗಡಿಯವನು. ಅವನು ನನ್ನ ಕ್ಲಾಸ್‌ಮೇಟು. ಯುರೋಪಿನಲ್ಲಿ ಯಾವ ತಂಡ ಯಾರನ್ನು ಕೊಂಡಿತು ಅನ್ನುವುದನ್ನು ಯೂರಿಯಾ ಸ್ಟಾಕಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದ.

"ನೋಡಿ ಸೆಕ್ರೆಟ್ರಣ್ಣ," ಎಂದು ಫೋನು ಅವರ ಮುಖಕ್ಕೆ ಹಿಡಿಯುತ್ತಿದ್ದ. "ಇವ್ನೊಬ್ಬನಿಗೆ ಕೊಟ್ಟಿರೋ ದುಡ್ಡಲ್ಲಿ ನಮ್ಮ ಹೋಬಳಿನೇ ಕೊಂಡ್ಕೋಬೋದು."

"ಕೊಂಡ್ಕೊಳ್ಳೋರು ಆಗ್ಲೇ ಬಂದವ್ರೆ ಬಿಡು," ಎಂದು ಅವರು ಹಾಲಿನಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಅದು ನಿಲ್ಲುವುದನ್ನೇ ನೋಡುತ್ತಿದ್ದರು. "ನಮ್ ಹುಡುಗ್ರು ಸಾಕಪ್ಪಾ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು."

"ಹಾಸಿಗೆ ಐತೆ ಸೆಕ್ರೆಟ್ರಣ್ಣ. ನೀವೇ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೀರ!" ಎಂದೆ ನಾನು.

ಸಾಲೆಲ್ಲ ನಕ್ಕಿತು. ಅವರು ನಗಲಿಲ್ಲ. "ಮೊದ್ಲು ಗೆಲ್ಲಿ, ಆಮೇಲೆ ಖರ್ಚು ಮಾಡಾಣ" ಎಂದರು. ಖರ್ಚು ಮಾಡದೆ ಗೆಲ್ಲುವುದು ಹೇಗೆ? ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಈ ಮನುಷ್ಯನ ಜೊತೆ ಮಾತಾಡಿ ಮನೆಗೆ ಬಂದರೆ ನನಗೆ ತಿಂಡಿ ಸೇರುತ್ತಿರಲಿಲ್ಲ. ಕಂಪನಿ ಬಸ್ಸಿನಲ್ಲಿ ಹೊಸಕೋಟೆಯ ತನಕ ಒಬ್ಬನೇ ಮನಸ್ಸಿನಲ್ಲಿ ಅವರ ಜೊತೆ ಜಗಳವಾಡಿಕೊಂಡು ಹೋಗುತ್ತಿದ್ದೆ.

ಆ ಧನುರ್ಮಾಸದಲ್ಲಿ ದೇವರೇ ಕಳಿಸಿದಂತೆ ಒಬ್ಬ ಸಿಕ್ಕಿದ. ಹೊಸಕೋಟೆಯವನು. ಅವನು ಆಡುತ್ತಿದ್ದ ಕಂಪನಿ ತಂಡ ಮುಚ್ಚಿಹೋಗಿ ಖಾಲಿ ಇದ್ದ. ಪಕ್ಕದ ಹೋಬಳಿಯವರು ಒಮ್ಮೆ ವಿಚಾರಿಸಿದ್ದರಂತೆ. ಆದರೆ ಅವನ ಹೆಂಡತಿಯ ತವರು ನಮ್ಮೂರು. ಅಳಿಯನಾದವನು ಮಾವನ ಊರಿಗೇ ಆಡುತ್ತೇನೆ ಎಂದು ತಾನಾಗಿ ಗೊಬ್ಬರದಂಗಡಿಯವನಿಗೆ ಫೋನು ಮಾಡಿದ. ಕೇಳಿದ್ದೂ ಹೆಚ್ಚಲ್ಲ: ಪೆಟ್ರೋಲು, ಒಂದು ಜೊತೆ ಬೂಟು, ಪಂದ್ಯಕ್ಕೆ ಇಷ್ಟು ಅಂತ ಸಣ್ಣ ಮೊತ್ತ.

ಸೆಕ್ರೆಟರಿ ಕೇಳಿಸಿಕೊಂಡರು. ಕೈಯಲ್ಲಿದ್ದ ಹಾಲಿನ ಲೋಟ ಕೆಳಗಿಟ್ಟರು. "ಅಳಿಯ ಆದ್ರೇನು? ಹಾಲಿನ ಡಿಗ್ರಿ ನೋಡ್ದೆ ಕ್ಯಾನಿಗೆ ಸುರಿಯಕ್ಕಾಗ್ತದಾ? ಭಾನುವಾರ ಬರಕ್ಕೇಳಿ. ಸ್ಯಾಂಪಲ್ ನೋಡಾಣ."

ಊರಿನ ಅಳಿಯನ ಸ್ಯಾಂಪಲ್ ನೋಡುವುದು! ನಾಚಿಕೆಯಿಂದ ನಾವು ಅವನಿಗೆ ಹೇಗೆ ಹೇಳಿದೆವೋ, ಅವನು ಯಾಕೆ ಒಪ್ಪಿದನೋ. ಇಷ್ಟು ಸಾಲದು ಎಂದು, ದನಗಳಿಗೆ ಲಸಿಕೆ ಹಾಕುವ ದಿನ ಕೂಗಿ ಹೇಳುವ ಡೈರಿ ಮೈಕಿನಲ್ಲಿ ಸೆಕ್ರೆಟರಿ ಅದನ್ನೂ ಕೂಗಿಸಿದರು. ಭಾನುವಾರ ಸಂಜೆ ಹೊಸ ಆಟಗಾರನ ಪರೀಕ್ಷೆ, ಎಲ್ಲರೂ ಬಂದು ನೋಡಿ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ. ಆ ಮೈಕು ಮೂರು ಊರಿಗೆ ಕೇಳಿಸುತ್ತದೆ. ಭಾನುವಾರ ಕೆರೆಯಂಗಳದ ನೀಲಗಿರಿ ತೋಪಿನ ನೆರಳಿನಲ್ಲಿ ಪಕ್ಕದ ಹೋಬಳಿಯವರ ನಾಲ್ಕು ಬೈಕು ನಿಂತಿದ್ದವು. ಅವರೂ ಬಂದು ನೋಡಿದರು.

ನಮ್ಮವರನ್ನೇ ಎರಡು ಪಾಲು ಮಾಡಿ ಆಡಿಸಿದರು. ಹತ್ತು ನಿಮಿಷವಾದ ಮೇಲೆ ಸೆಕ್ರೆಟರಿ ಅಣ್ಣನಿಗೆ ಕೈ ಸನ್ನೆ ಮಾಡಿ ಹೊರಗೆ ಕರೆದು, ಅವನ ಜಾಗಕ್ಕೆ ಅಳಿಯನನ್ನು ಬಿಟ್ಟರು. ಅಣ್ಣ ಕುಂಟುತ್ತ ಬಂದು ನನ್ನ ಪಕ್ಕದಲ್ಲಿ ಕೂತು ಮಂಡಿ ಉಜ್ಜಿಕೊಳ್ಳತೊಡಗಿದ. ಆ ಅಳಿಯ ಎಂಥ ಆಟಗಾರ! ಚೆಂಡು ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಮೂರು ಗೋಲು ಹೊಡೆದ. ಪ್ರತಿ ಸಲವೂ ಅಣ್ಣ ಚಪ್ಪಾಳೆ ತಟ್ಟಿದ.

"ಚೆನ್ನಾಗ್ ಆಡ್ತಾನೆ ಕಣೋ," ಎಂದ.

"ಅವ್ನು ಬಂದ್ರೆ ನೀನು?"

"ನಾನು ಹೊರಗೆ ಕೂತ್ಕೋತೀನಿ. ಅದಕ್ಕೇನಂತೆ."

ಅವನು ಅಂದದ್ದು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ನನಗೆ ಕಂಡದ್ದು ಇಪ್ಪತ್ತೆರಡು ವರ್ಷ ಆ ನೆಲದಲ್ಲಿ ಓಡಿದವನು ಬೂಟಿನ ಲೇಸು ಸಡಿಲಿಸಿಕೊಂಡು, ಬೇರೆಯವರಿಗೆ ನೀರಿನ ಬಾಟಲಿ ಎಸೆಯುತ್ತ ಕೂತಿರುವುದು.

ಅಂದು ಸಂಜೆ ಹಾಲು ಮುಗಿದ ಮೇಲೆ ಡೈರಿ ಜಗಲಿಯಲ್ಲಿ ಕಮಿಟಿ ಸೇರಿತು. ಅಧ್ಯಕ್ಷರನ್ನು ಬಿಟ್ಟು, ಅಣ್ಣ, ಗೊಬ್ಬರದಂಗಡಿಯವನು, ನಾನೂ ಸೇರಿ ಎಂಟು ಜನ. ಎದುರುಬದುರು ಮಾತಾಡಿ ಮನಸ್ತಾಪ ಬೇಡ ಎಂದು ಸೆಕ್ರೆಟರಿ ಡೈರಿಯಲ್ಲಿ ಮಾಡಿಕೊಂಡಿದ್ದ ಕ್ರಮವನ್ನೇ ಇಲ್ಲಿಗೂ ತಂದಿದ್ದರು. ಚೀಟಿಯಲ್ಲಿ 'ಬೇಕು' ಅಥವಾ 'ಬೇಡ' ಎಂದು ಬರೆದು ತೊಳೆದಿಟ್ಟ ಖಾಲಿ ಕ್ಯಾನಿಗೆ ಹಾಕಬೇಕು. ಚೀಟಿ ಬಿಚ್ಚುವವನು ಕ್ಯಾಪ್ಟನ್. ಸಮಸಮ ಬಂದರೆ ಮಾತ್ರ ಅಧ್ಯಕ್ಷರ ಮಾತು.

ಲೆಕ್ಕ ಎಲ್ಲರಿಗೂ ಮೊದಲೇ ಗೊತ್ತಿತ್ತು. ರಾಗಿ ರೇಟು ಏರಲಿ ಎಂದು ಮೂಟೆ ಕಾಯುತ್ತ ಕೂರುವ ಹಿರಿಯರು ಮೂವರು, ಅವರು ಬೇಡ ಅನ್ನುತ್ತಾರೆ. ಬೇಕು ಅನ್ನುವವರು ನಾವು ಐದು ಜನ.

ನಾನು ಗೋಡೆಯ ಕಡೆ ತಿರುಗಿ 'ಬೇಡ' ಎಂದು ಬರೆದೆ. ಮೂರು ತಿಂಗಳು ಊರೆಲ್ಲ ಕೇಳುವಂತೆ ಬೇಕು ಬೇಕು ಎಂದು ಅರಚಿದ ನಾನೇ. ಅಣ್ಣನಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಆ ಗಳಿಗೆಯಲ್ಲಿ ನಂಬಿದ್ದೆ.

ಅಣ್ಣ ಒಂದೊಂದೇ ಚೀಟಿ ಬಿಚ್ಚಿ ಓದಿದ. ಒಂದು ಕಡೆ ಸ್ವಲ್ಪ ತಡೆದ, ಕನ್ನಡಕ ತಂದಿಲ್ಲವೇನೋ ಎಂದುಕೊಂಡೆ. ನಾಲ್ಕು ಬೇಕು, ನಾಲ್ಕು ಬೇಡ. ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು. ಅವರು ಏನು ಹೇಳುತ್ತಾರೆಂದು ಊರಿನ ಎಮ್ಮೆಗಳಿಗೂ ಗೊತ್ತಿತ್ತು.

"ನೋಡಾಣ. ಸಂಕ್ರಾಂತಿಗೆ ಇನ್ನೂ ಎಂಟು ದಿನ ಐತಲ್ಲ, ಅರ್ಜೆಂಟೇನು?"

ಮಾರನೆಯ ದಿನ ಮಧ್ಯಾಹ್ನದೊಳಗೆ ಪಕ್ಕದ ಹೋಬಳಿಯವರು ಅಳಿಯನ ಮನೆಗೇ ಹೋಗಿ, ಹಣ್ಣು ಕಾಯಿ ಇಟ್ಟು, ಬೂಟಿನ ಸೈಜು ಕೇಳಿ ಬರೆದುಕೊಂಡು ಬಂದರು. ಸೆಕ್ರೆಟರಿ ಬುಧವಾರ ಅವನಿಗೆ ಫೋನು ಮಾಡಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಮೇಲೆ ಡೈರಿ ಸಾಲಿನಲ್ಲಿ ಅವರಿಗೆ ಆದ ಮಂಗಳಾರತಿ ಅಷ್ಟಿಷ್ಟಲ್ಲ. ಎಲ್ಲರಿಗಿಂತ ಜೋರಾಗಿ ಮಾಡಿದವನು ನಾನು. ಈ ಮಾತನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ಸುಮ್ಮನಿದ್ದರೆ ಯಾರಾದರೂ ಅನುಮಾನ ಪಟ್ಟಾರು ಎಂಬ ಹೆದರಿಕೆಯಲ್ಲಿ ದಿನವೂ ಒಂದು ಹೊಸ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. "ಇಟ್ಕೊಂಡು ಪೂಜೆ ಮಾಡಿ ಆ ದುಡ್ಡಿಗೆ, ಮರಿ ಹಾಕ್ತದೆ" ಎಂದೂ ಅಂದೆ. ಅವರು ಮುಂದಿನ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟರು. ಅಣ್ಣ ಪಕ್ಕದಲ್ಲೇ ಕ್ಯಾನು ಹಿಡಿದು ನಿಂತಿರುತ್ತಿದ್ದ.

ಶಿವರಾತ್ರಿ ಕಳೆದು ಪಂದ್ಯ ಶುರುವಾದವು. ಸೆಮಿಫೈನಲ್ಲಿನಲ್ಲಿ ಎದುರಾದವರು ಪಕ್ಕದ ಹೋಬಳಿಯವರೇ. ಅಳಿಯ ಮೊದಲರ್ಧದಲ್ಲೇ ಗೋಲು ಹೊಡೆದು, ಮಾವನ ಊರಿನವರ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡು ವಾಪಸ್ಸು ಓಡಿದ. ಎರಡನೆಯ ಅರ್ಧದಲ್ಲಿ ಅಣ್ಣನಿಗೆ ಗೋಲಿನ ಬಾಯಲ್ಲೇ ಚೆಂಡು ಸಿಕ್ಕಿತು. ಹತ್ತು ವರ್ಷದ ಹಿಂದೆ ಕಣ್ಣು ಮುಚ್ಚಿ ಹೊಡೆಯುತ್ತಿದ್ದ. ಕಾಲು ಎತ್ತಿದ, ಊರಿದ್ದ ಇನ್ನೊಂದು ಕಾಲಿನ ಮಂಡಿ ಮಡಿಸಿಕೊಂಡಿತು, ಕೂತುಬಿಟ್ಟ. ನಾಲ್ಕು ಜನ ಎತ್ತಿಕೊಂಡು ಹೊರಗೆ ತಂದೆವು. ಅಳಿಯನ ಆ ಒಂದು ಗೋಲಿಗೇ ನಾವು ಸೋತೆವು.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನಾನು ಸೆಕ್ರೆಟರಿಯನ್ನು ಬೈಯುತ್ತಿದ್ದೆ. ಕೆರೆ ಏರಿಯ ಮೇಲೆ ಬಂದಾಗ ಅಣ್ಣ, "ಲೇ, ನಿಲ್ಸು" ಎಂದ. ನಿಲ್ಲಿಸಿದೆ. ಅವನು ಇಳಿಯಲಿಲ್ಲ.

"ಸಾಕು ಬಿಡೋ. ಅವ್ರನ್ನ ಇನ್ನೆಷ್ಟು ದಿನ ಬೈತೀಯ? ನಿನ್ನ ಅಕ್ಷರ ನಂಗೊತ್ತಿಲ್ವಾ? ಸ್ಲೇಟ್ ಮೇಲೆ ಕೈ ಹಿಡಿದು ತಿದ್ಸಿದ್ದೇ ನಾನು."

"ಅಣ್ಣ, ನೀನು ಹೊರಗೆ ಕೂತಿರೋದನ್ನ ನನ್ ಕೈಲಿ ನೋಡಕ್ಕಾಗ್ಲಿಲ್ಲ ಕಣಣ್ಣ" ಎಂದೆ.

"ನಿನ್ ಕೈಲಿ ಆಗ್ಲಿಲ್ಲ. ನನ್ ಕೈಲಿ ಆಗ್ತಿತ್ತಲ್ಲೋ. ಒಂದ್ ಮಾತು ಕೇಳಿದ್ಯಾ? ಆಡೋ ಆಸೆ ನಂಗೆ ಯಾವತ್ತೋ ಮುಗಿದಿತ್ತು. ಕಪ್ಪು ಬೇಕಿತ್ತು ನಂಗೆ."

ಮತ್ತೆ ಅವನು ಆ ವಿಷಯ ಎತ್ತಲಿಲ್ಲ. ನಾನು ಮಾರನೆಯ ಬೆಳಿಗ್ಗೆ ಡೈರಿಗೆ ಹೋಗಿ, ಸಾಲಿನಲ್ಲಿ ಎಲ್ಲರ ಎದುರು, ನಾಲ್ಕನೆಯ ಬೇಡ ನನ್ನದು ಎಂದು ಹೇಳಿಬಿಟ್ಟೆ. ಗೊಬ್ಬರದಂಗಡಿಯವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಸೆಕ್ರೆಟರಿ ನನ್ನ ಹಾಲು ಅಳೆದು, ಪಾಸ್‌ಬುಕ್ಕಿನಲ್ಲಿ ಬರೆದುಕೊಟ್ಟು, ಮುಂದಿನವರನ್ನು ಕರೆದರು.

ಮರುವರ್ಷ ಸ್ಯಾಂಪಲ್ಲೂ ಇಲ್ಲ, ಮೈಕೂ ಇಲ್ಲ. ಸೆಕ್ರೆಟರಿ ಕಾರ್ತಿಕ ಮಾಸದಲ್ಲೇ ಹಣ್ಣಿನ ಬುಟ್ಟಿ ಹಿಡಿದು ತಾವೇ ಅಳಿಯನ ಮನೆಗೆ ಹೋದರು. ಕಮಿಟಿಯಲ್ಲಿ ಎಂಟಕ್ಕೆ ಎಂಟು ಚೀಟಿಯೂ ಬೇಕು. ನಾವು ಫೈನಲ್ಲಿಗೆ ಹೋದೆವು, ಎರಡು ಗೋಲಿನಿಂದ ಗೆದ್ದೆವು. ಆ ವರ್ಷದ ಆಟಗಾರರ ಪಟ್ಟಿಯಲ್ಲಿ ಅಣ್ಣನ ಹೆಸರು ಇರಲಿಲ್ಲ. ಬೂಟು ಹಿಂದಿನ ವರ್ಷವೇ ಬಿಚ್ಚಿಟ್ಟಿದ್ದ. ಕೋಲು ಊರಿಕೊಂಡು ಗೆರೆಯ ಆಚೆ ನನ್ನ ಪಕ್ಕದಲ್ಲೇ ನಿಂತಿದ್ದ, ನನಗಿಂತ ಹೆಚ್ಚು ಕೂಗಿದ.

ಕಪ್ಪು ಕೊಟ್ಟ ಮೇಲೆ ಫೋಟೋದವನು ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ನಿಲ್ಲಿ ಎಂದ. ಹುಡುಗರು ಸಾಲಾಗಿ ನಿಂತರು. ಸೆಕ್ರೆಟರಿ ಅಣ್ಣನ ಕಡೆ ನೋಡಿ ಬಾ ಎಂದು ಕೈ ಮಾಡಿದರು. ನಾನು ಅವನ ರಟ್ಟೆ ಹಿಡಿದು, "ಹೋಗಣ್ಣ, ಒಂದ್ ಫೋಟೋ ತಾನೇ" ಎಂದೆ.

ಅಣ್ಣ ಕೈ ಬಿಡಿಸಿಕೊಂಡ. "ಬೇಡ ಬಿಡೋ. ಹಾಲು ಕರೆಯೋ ಹೊತ್ತಾಯ್ತು, ನಡಿ," ಎಂದು ಕೋಲು ಊರಿಕೊಂಡು ಬೈಕಿನ ಕಡೆ ಹೊರಟ.