ಅರ್ಜಿ ಚಾಚಾಗೆ ಹೇಳದೆ ಉಳಿದ ಮಾತು

ಹೋದ ತಿಂಗಳು ಹಳಿಯಾಳದ ಅಂಚೆ ಕಚೇರಿಗೆ ಪಾರ್ಸೆಲ್ ಕಳಿಸಲು ಹೋಗಿದ್ದೆ. ಕೌಂಟರಿನ ಹಿಂದೆ ಕೂತಿದ್ದ ಹುಡುಗಿ ಮೇಣದ ಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ಗಂಟಿನ ಮೇಲೆ ಹನಿ ಬೀಳಿಸಿ, ಹಿತ್ತಾಳೆಯ ಮುದ್ರೆ ಒತ್ತಿದಳು. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿಯಿತು. ರಸೀದಿ ತೆಗೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ವಾಸನೆ ನಮ್ಮ ಮನೆಯೊಳಗೆ ಒಂದೇ ಒಂದು ಸಲ ಎದ್ದಿತ್ತು. ಅದಾಗಿ ನಲವತ್ತು ವರ್ಷದ ಮೇಲಾಯಿತು...

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣಿನ ಗೋಡೆ. ನಾವು ವಿಭೂತಿ ಹಚ್ಚುವ ಮಂದಿ, ಅವರು ಐದು ಹೊತ್ತು ನಮಾಜು ಮಾಡುವವರು. ಗೋಡೆಯ ಮೇಲಿಂದ ಕೊತ್ತಂಬರಿ, ಉಪ್ಪಿನಕಾಯಿ, ಊರಿನ ಸುದ್ದಿ ಎಲ್ಲವೂ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದವು. ಆ ಮನೆಯ ಯಜಮಾನರು ಮೂಲತಃ ಮುಂಡಗೋಡದವರು. ತಾಲೂಕಿನ ಮಾಮಲೇದಾರ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಇಳಿಜಾರು ಮೇಜು ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಅದಕ್ಕೇ ಊರೆಲ್ಲ ಅವರನ್ನು ಅರ್ಜಿ ಸಾಹೇಬರು ಅನ್ನುತ್ತಿತ್ತು. ನನಗೆ ಅವರು ಅರ್ಜಿ ಚಾಚಾ.

ವಕೀಲರ ಮೆಟ್ಟಿಲು ಹತ್ತಲು ಅಂಜುವವರೆಲ್ಲ ಅವರ ಹತ್ತಿರ ಬರುತ್ತಿದ್ದರು. ಜೋಯಿಡಾ ಕಡೆಯಿಂದ ಟೊಂಗೆ ಕಡಿದು ಫಾರೆಸ್ಟ್ ಗಾರ್ಡನ ಕೈಗೆ ಸಿಕ್ಕವರು, ದಾಂಡೇಲಿಯ ಕಟ್ಟಿಗೆ ಡಿಪೋಕ್ಕೆ ಬಂಡಿ ಹೊಡೆಯುವವರು, ಜಗಳದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದಾಗ ಹಿಡಿಸಿಕೊಂಡವರು. ಯಾರೇ ಬಂದು ಅತ್ತರೂ ಚಾಚಾ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಯಾವ ಗುನ್ಹೆ ಅಂತ ಹಿಡದಾರ, ಕೇಳಿದ್ಯೇನು?"

ಕೇಳಬಹುದು ಎಂಬುದೇ ಆ ಜನಕ್ಕೆ ಗೊತ್ತಿರಲಿಲ್ಲ. ಹಿಡಿದವರನ್ನು ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪೊಲೀಸರ ಮುಂದೆ ಆಡಿದ ಮಾತಿಗೆ ಸಹಿ ಹಾಕಬೇಕಾಗಿಲ್ಲ, ಸಣ್ಣ ಗುನ್ಹೆಗೆ ಜಾಮೀನು ಕೊಡಲೇಬೇಕು... ಇದನ್ನೆಲ್ಲ ಅವರು ಸಂಜೆ ಗೋಡೆಗೆ ಮೊಣಕೈ ಊರಿ ನನಗೂ ಹೇಳುತ್ತಿದ್ದರು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಇಪ್ಪತ್ತೆರಡು ವರ್ಷದವಳು ನಾನು. ಮನೆಯಲ್ಲಿ ಯಾರೂ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ, ಏನನ್ನೂ ಹೇಳುತ್ತಲೂ ಇರಲಿಲ್ಲ. ಚಾಚಾ ಮಾತ್ರ ದಿನದ ಕೇಸುಗಳನ್ನು ಹೇಳಿ, "ಈಗ ಹೇಳು ಬೇಟಿ, ಪೊಲೀಸರದು ಬರೋಬರಿ ಏನು?" ಎಂದು ಕೇಳುತ್ತಿದ್ದರು. ನಾನು ಸರಿಯಾಗಿ ಹೇಳಿದರೆ "ಭೇಷ್" ಅನ್ನುತ್ತಿದ್ದರು. ಆ ಒಂದು ಶಬ್ದಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಅವರು ಹಾಡು ಬರೆಯುತ್ತಿದ್ದದ್ದು ಮೂರು ಜನಕ್ಕೆ ಮಾತ್ರ ಗೊತ್ತಿತ್ತು. ಅವರ ಹೆಂಡತಿ ಚಾಚಿಗೆ, ನನಗೆ, ನನ್ನ ಅಣ್ಣನಿಗೆ. ಅಣ್ಣ ಅರಿವೆ ಅಂಗಡಿ ನಡೆಸುತ್ತಿದ್ದ. ಅಂಗಡಿಗಿಂತ ಹಾರ್ಮೋನಿಯಂ ಪೇಟಿಯ ಮುಂದೆ ಕೂತಿರುತ್ತಿದ್ದದ್ದೇ ಹೆಚ್ಚು. ಚಾಚಾ ಬರೆದ ಪದಗಳಿಗೆ ಅವನು ಧಾಟಿ ಕೂಡಿಸುತ್ತಿದ್ದ.

ನಲವತ್ತೆರಡರ ಶ್ರಾವಣ. ಮುಂಬೈಯಲ್ಲಿ ಚಳವಳಿಯ ದೊಡ್ಡವರನ್ನೆಲ್ಲ ಹಿಡಿದು ಒಳಗೆ ಹಾಕಿದ ಸುದ್ದಿ ಆಗಲೇ ಬಂದಿತ್ತು. ಐದು ಮಂದಿಗಿಂತ ಹೆಚ್ಚು ಜನ ಕೂಡಬಾರದೆಂದು ಚಾವಡಿಯ ಗೋಡೆಗೆ ಹುಕುಂ ಅಂಟಿಸಿದ್ದರು. ಆದರೆ ಊರಿನಲ್ಲಿ ಹಿಂದೆ ಇದ್ದ ಒಬ್ಬ ಗವಾಯಿಗಳ ನೆನಪಿಗೆ ಪ್ರತಿ ಶ್ರಾವಣದಲ್ಲಿ ಎರಡು ದಿನ ಸಂಗೀತ ಸೇವೆ ಆಗುತ್ತಿತ್ತು. ಹಾಡುವುದಕ್ಕೆ ಹುಕುಂ ಅಡ್ಡ ಬರಲಾರದೆಂದು ಹಿರಿಯರು ತಿಳಿದರು. ಧಾರವಾಡದಿಂದ ಬಂದವರು ಹಾಡಿ ಮುಗಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅಣ್ಣ ಪೇಟಿಯ ಮುಂದೆ ಕೂತ. ಹೆಂಗಸರ ಕಡೆ ನಾನೂ ಚಾಚಿಯೂ ಇದ್ದೆವು.

"ನನ್ನ ಒಲಿಗೆ ನನ್ನ ಕಾಡಿನ ಕಟ್ಟಿಗಿ, ಯಾರ ಅಪ್ಪಣಿ ಬೇಕವ್ವಾ..."

ಅಷ್ಟೇ ಪಲ್ಲವಿ, ಚಾಚಾ ಬರೆದದ್ದು. ಎರಡನೆಯ ಸಲಕ್ಕೆ ಹಿಂದೆ ಕೂತಿದ್ದ ಬಂಡಿಯವರು ದನಿ ಕೂಡಿಸಿದರು. ಮೂರನೆಯ ಸಲಕ್ಕೆ ಇಡೀ ಚಪ್ಪರ ಹಾಡುತ್ತಿತ್ತು. ಆಗಲೇ ಫೌಜದಾರ ಪೊಲೀಸರೊಡನೆ ಒಳಗೆ ಬಂದ. ಅಣ್ಣನನ್ನೂ ತಬಲಾದವನನ್ನೂ ತೋಳು ಹಿಡಿದು ಎಬ್ಬಿಸಿದರು. ಜನ ಎದ್ದು ನಿಂತರು. ಯಾರದೋ ಕೈಯಲ್ಲಿ ಕಲ್ಲು ಕಂಡೆ. ಚಾಚಾ ಓಡಿ ಬಂದು ಜನಕ್ಕೂ ಪೊಲೀಸರಿಗೂ ನಡುವೆ ನಿಂತರು.

"ಯಾರೂ ಕೈ ಎತ್ತಬ್ಯಾಡ್ರಿ. ಎತ್ತಿದ್ರ ಗುನ್ಹೆ ಆಗ್ತದ. ಈಗಿನ ತನಕ ಹಾಡಿದ್ದು ಬಿಟ್ರ ಏನೂ ಆಗಿಲ್ಲ." ಆಮೇಲೆ ಅಣ್ಣನ ಕಡೆ ತಿರುಗಿ, "ತಮ್ಮಾ, ಅವರ ಕೂಡ ಹೋಗು. ಹೆಸರು, ಊರು ಹೇಳು. ಬಾಕಿ ಎಲ್ಲಾ ಮ್ಯಾಜಿಸ್ಟ್ರೇಟರ ಮುಂದ. ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ," ಎಂದರು.

ಅಣ್ಣ ತಲೆಯಾಡಿಸಿದ. ಅವನ ಮುಖದಲ್ಲಿ ಅಂಜಿಕೆ ಇತ್ತು. ಆದರೂ ನಡೆದುಕೊಂಡೇ ಹೋದ. ಹಾಡು ಬರೆದವರು ಯಾರೆಂದು ಅವತ್ತು ಠಾಣೆಯಲ್ಲಿ ಅವನನ್ನು ಕೇಳಿದರಂತೆ. ಹೊಡೆದರಂತೆ. ಹೆಸರು, ಊರು ಬಿಟ್ಟು ಅವನು ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹವಾಲ್ದಾರ ಇಬ್ಬರು ಪೊಲೀಸರೊಡನೆ ನಮ್ಮ ಮನೆ ಶೋಧನೆಗೆ ಬಂದ. ಅಪ್ಪ ಹಾಸಿಗೆ ಹಿಡಿದಿದ್ದರು, ಅವ್ವ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಹವಾಲ್ದಾರ ನಮ್ಮ ಊರಿನವನೇ, ಅಣ್ಣನ ಅಂಗಡಿಯಲ್ಲೇ ಧೋತರ ಕೊಳ್ಳುವವನು. ಒಲ್ಲದ ಮನಸ್ಸಿನಿಂದ ಒಂದೆರಡು ಟ್ರಂಕು ತೆರೆದ, ಹಾಸಿಗೆ ಮಗುಚಿದ, ಅಟ್ಟಕ್ಕೆ ಇಣುಕಿದ. ಆಮೇಲೆ ಕೈ ಒರೆಸಿಕೊಂಡು, "ಏನೂ ಇಲ್ಲ ಬಿಡ್ರಿ ಅವ್ವಾರ, ಬರ್ತೇವಿ," ಎಂದು ಹೊಸ್ತಿಲು ದಾಟಿದ.

ಅವನು ದಾಟಿಬಿಟ್ಟಿದ್ದ. ಒಂದು ಕಾಲು ಅಂಗಳದಲ್ಲಿತ್ತು.

"ಹಂಗ ಹೋಗಬ್ಯಾಡ್ರಿ," ಅಂದೆ ನಾನು. "ಪಂಚರನ್ನ ಕರಸ್ರಿ. ಏನು ನೋಡಿದ್ರಿ, ಏನು ಸಿಗಲಿಲ್ಲ, ಎಲ್ಲಾ ಬರೀರಿ. ನಾಳೆ ಏನರೆ ಸಿಕ್ಕತಿ ಅಂದ್ರ ನಾವೇನು ಮಾಡೂಣು?"

ಇದು ಚಾಚಾ ಕಲಿಸಿದ ಮಾತೇ. ಪಂಚರೆಂದು ಊರಿನ ಇಬ್ಬರು ಪ್ರತಿಷ್ಠಿತರನ್ನು ನಿಲ್ಲಿಸಿ ಅವರ ಮುಂದೆ ಶೋಧನೆ ಆಗಬೇಕು, ಯಾದಿ ಆಗಬೇಕು, ಇಲ್ಲದಿದ್ದರೆ ಪೊಲೀಸರು ತಾವೇ ಏನನ್ನಾದರೂ ಇಟ್ಟು ಸಿಕ್ಕಿತೆನ್ನಬಹುದು. ನನ್ನ ಮಾತು ಕಾಯ್ದೆಯ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಬರೀ ಅಂಜಿಕೆಯಿಂದ ಆಡಿದೆನೆಂದು ಹೇಳಿದರೆ ಸುಳ್ಳಾದೀತು. ಗಂಡ ಸತ್ತು ಹಿತ್ತಲಲ್ಲಿ ಕಾಲ ಕಳೆಯುತ್ತಿದ್ದ ಹೆಣ್ಣು ನಾನು, ಹವಾಲ್ದಾರನಿಗೆ ಕಾಯ್ದೆ ಹೇಳುತ್ತಿದ್ದೇನೆ ಎಂಬ ಹಿಗ್ಗು ಇತ್ತು. ಗೋಡೆಯ ಆಚೆ ಚಾಚಿ ನಿಂತು ಕೇಳುತ್ತಿದ್ದಾಳೆಂಬುದೂ ನನಗೆ ಗೊತ್ತಿತ್ತು.

ಹವಾಲ್ದಾರನ ಮುಖ ಕೆಂಪಾಯಿತು. ಎಣ್ಣೆ ವ್ಯಾಪಾರಿಯನ್ನೂ ಪಿಂಚಣಿ ಪಡೆದ ಮಾಸ್ತರರನ್ನೂ ಕರೆಸಿದ. ಬರೆಯುವುದಾದರೆ ಮೊದಲಿಂದ ನೋಡಬೇಕಲ್ಲ... ಮತ್ತೆ ಎಲ್ಲವನ್ನೂ ತೆರೆದರು, ಒಂದೊಂದನ್ನೇ ಬರೆದರು. ಅಣ್ಣ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಹಳೆಯ ಪೇಟಿಯ ತಳದ ಹಲಗೆ ಎತ್ತಿದಾಗ ನಾಲ್ಕು ಮಡಿಕೆಯ ಒಂದು ಹಾಳೆ ಬಿತ್ತು. ಸುಟ್ಟುಹಾಕಿದೆ ಎಂದು ಅಣ್ಣ ನನಗೆ ಹೇಳಿದ್ದ ಹಾಡಿನ ಹಾಳೆ.

ಮಾಸ್ತರರು ಮೂಗಿನ ಮೇಲೆ ಚಾಳೀಸು ಏರಿಸಿ ನೋಡಿದರು. ಅವರಿಗೆ ಯಾವ ಕೆಟ್ಟ ಮನಸ್ಸೂ ಇರಲಿಲ್ಲ. "ಎಷ್ಟು ಮುತ್ತಿನಂಥಾ ಅಕ್ಷರ... ಇದು ನಮ್ಮ ಅರ್ಜಿ ಸಾಹೇಬರ ಬರಹ ಅಲ್ಲೇನು?" ಅಂದುಬಿಟ್ಟರು.

ಕಚೇರಿಯ ಅರ್ಧ ಕಾಗದಗಳು ಅದೇ ಅಕ್ಷರದಲ್ಲಿದ್ದವು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹವಾಲ್ದಾರ ಹಾಳೆಯನ್ನು ಲಕೋಟೆಗೆ ಹಾಕಿ ನಮ್ಮ ದೇವರ ದೀಪದಲ್ಲೇ ಅರಗು ಕಾಯಿಸಿ ಮುದ್ರೆ ಒತ್ತಿದ.

ನಾನು ಬರಿಗಾಲಲ್ಲಿ ಕಚೇರಿಗೆ ಓಡಿದೆ. ಚಾಚಾ ಬೇವಿನ ಮರದ ಕೆಳಗೆ ಅಣ್ಣನ ಜಾಮೀನಿನ ಅರ್ಜಿ ಬರೆಯುತ್ತಿದ್ದರು.

"ಚಾಚಾ, ಹಾಡಿನ ಹಾಳಿ ಸಿಕ್ಕತು. ನಿಮ್ಮ ಅಕ್ಷರ ಗುರ್ತು ಹಿಡದ್ರು."

ಅವರ ಲೇಖಣಿ ನಿಂತಿತು. "ಪಂಚರನ್ನ ಕರಸಿದ್ಯೇನು?" ಎಂದು ಕೇಳಿದರು.

"ಕರಸಿದೆ."

"ಭೇಷ್," ಅಂದರು.

ಹವಾಲ್ದಾರ ಹೊರಟುಹೋಗಿದ್ದ, ನಾನೇ ನಿಲ್ಲಿಸಿದೆ... ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಾಚಿಯೂ ಏದುಸಿರು ಬಿಡುತ್ತ ಬಂದಳು. ಬುರ್ಖಾದೊಳಗೇ ಅಳುತ್ತ, "ಅನಮೋಡ ಘಾಟ ದಾಟಿದ್ರ ಗೋವಾ. ಇವತ್ತ ಹೋಗ್ರಿ," ಎಂದು ಕೈ ಮುಗಿದಳು. ಪೋರ್ಚುಗೀಸರ ಸೀಮೆಗೆ ಹೋದರೆ ಇಲ್ಲಿಯ ಫೌಜದಾರನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

"ನಾ ಓಡಿದ್ರ ಈ ಅರ್ಜಿ ಯಾರು ಬರೀತಾರ?" ಎಂದರು ಚಾಚಾ. "ಮತ್ತ, ಓಡಬ್ಯಾಡ್ರಿ, ಕಾಯ್ದೆ ಐತಿ ಅಂತ ಮಂದಿಗೆ ಹೇಳಿದಾವ ನಾನ."

ಮಧ್ಯಾಹ್ನ ಅಣ್ಣನನ್ನೂ ತಬಲಾದವನನ್ನೂ ಮಾಮಲೇದಾರರ ಮುಂದೆ ನಿಲ್ಲಿಸಿದರು. ಅವರೇ ನಮ್ಮ ಮ್ಯಾಜಿಸ್ಟ್ರೇಟರು. ಸಹಿ ಮಾಡಿದ ಹೇಳಿಕೆ ಇರಲಿಲ್ಲ, ಗುನ್ಹೆ ಜಾಮೀನಿಗೆ ಅರ್ಹವಾದದ್ದು. ಚಾಚಾ ಬರೆದ ಅರ್ಜಿಯ ಮೇಲೆ ಇಬ್ಬರೂ ಮನೆಗೆ ಬಂದರು. ಮುಂದೆ ಕೇಸೂ ಬಿದ್ದುಹೋಯಿತು.

ನಾಲ್ಕನೆಯ ದಿನ ಚಾಚಾನ ಬಾಗಿಲಿಗೆ ಫೌಜದಾರ ಬಂದ. ಗೋಡೆಯ ಈಚೆ ನಾನೂ ಅಣ್ಣನೂ ನಿಂತಿದ್ದೆವು. ಚಾಚಾ ಬಿಳಿ ಅಂಗಿ ತೊಟ್ಟು ತಯಾರಾಗಿದ್ದರು.

"ಯಾವ ಗುನ್ಹೆ, ಸಾಹೇಬ್ರ?" ಎಂದು ಕೇಳಿದರು.

ಫೌಜದಾರ ಒಂದು ಕಾಗದ ಕೊಟ್ಟ. ಚಾಚಾ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಹಿಂದೆ ಏನಾದರೂ ಬರೆದಿದೆಯೇನೋ ಎಂದು ಹಾಳೆ ತಿರುಗಿಸಿ ನೋಡಿದರು. ಯುದ್ಧಕಾಲದ ಕಾನೂನಿನ ಕೆಳಗೆ ಸರಕಾರದ ಅಪ್ಪಣೆ ಅದು. ಗುನ್ಹೆಯ ಹೆಸರಿರಲಿಲ್ಲ, ವಿಚಾರಣೆ ಇರಲಿಲ್ಲ, ಎಷ್ಟು ದಿನ ಎಂಬುದೂ ಇರಲಿಲ್ಲ.

"ಮ್ಯಾಜಿಸ್ಟ್ರೇಟರ ಮುಂದ ಯಾವಾಗ ಒಯ್ತೀರಿ?"

"ಒಯ್ಯೂದಿಲ್ರಿ," ಎಂದ ಫೌಜದಾರ, ಮುಖ ಬೇರೆ ಕಡೆ ಮಾಡಿ.

ಚಾಚಾ ಆ ಕಾಗದವನ್ನು ಮಡಿಸಿ ಅಂಗಿಯ ಕಿಸೆಗೆ ಇಟ್ಟುಕೊಂಡು ಫೌಜದಾರನ ಹಿಂದೆ ನಡೆದರು. ಕೇಳಲು ಅವರಿಗೆ ಗೊತ್ತಿದ್ದ ಪ್ರಶ್ನೆಗಳೆಲ್ಲ ಮುಗಿದಿದ್ದವು.

ಬೆಳಗಾವಿಯ ಜೈಲಿನಿಂದ ಎರಡು ವರ್ಷದ ಮೇಲೆ ಬಿಟ್ಟರು. ಬಂದಾಗ ಅಂಗಿ ಹೆಗಲಿಂದ ಜಾರುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಮತ್ತೆ ಬೇವಿನ ಮರದ ಕೆಳಗೆ ಹೋಗಿ ಕೂತರು. ಒಂದು ದಿನ ಅತ್ತಿವೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂರು ದಿನದಿಂದ ಅವಳ ಮಗನನ್ನು ಠಾಣೆಯಲ್ಲಿ ಕೂಡಿಹಾಕಿದ್ದರು. ಚಾಚಾ ಲೇಖಣಿ ತೆಗೆದು, ಮತ್ತೆ ಕೆಳಗಿಟ್ಟು, "ವಕೀಲರ ಕಡೆ ಹೋಗವ್ವಾ. ನನಗ ಈಗ ಕಾಯ್ದೆ ತಿಳಿಯೂದಿಲ್ಲ," ಎಂದರಂತೆ. ಅವಳು ಅಳುತ್ತ ನಮ್ಮ ಓಣಿಗೆ ಬಂದಿದ್ದಳು. ಅವರು ಹೇಳಿಕೊಟ್ಟಿದ್ದನ್ನೆಲ್ಲ ನೆನೆದು ನಾನೇ ಆ ಅರ್ಜಿ ಬರೆದು, ಸಂಜೆ ಗೋಡೆಯ ಮೇಲಿಂದ ಅವರಿಗೆ ತೋರಿಸಿದೆ. ಬಹಳ ಹೊತ್ತು ಓದಿದರು. ಒಂದು ಶಬ್ದ ತಿದ್ದಿದರು. ಆಮೇಲೆ ಕೆಮ್ಮುತ್ತಲೇ ನಕ್ಕರು.

"ಹವಾಲ್ದಾರನ ಕಡೆಯಿಂದ ಪಂಚನಾಮೆ ಬರಸಿದಾಕಿ ನೀನು. ಜೈಲಿನ್ಯಾಗ ಎಲ್ಲಾರಿಗೂ ಹೇಳ್ತಿದ್ದೆ, ನಮ್ಮ ಓಣ್ಯಾಗ ಒಬ್ಬಾಕಿ ಹುಡಿಗಿ ಅದಾಳ ಅಂತ..."

ಆಗ ಹೇಳಬಹುದಿತ್ತು. ಗೋಡೆಗೆ ಎರಡೂ ಕೈ ಊರಿ ನಿಂತಿದ್ದೆ, ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವನು ಹೊಸ್ತಿಲು ದಾಟಿದ್ದ ಚಾಚಾ, ನಾನೇ ಕರೆದೆ... ಇಷ್ಟೇ ಮಾತು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ಎಷ್ಟೋ ಬೆಳಿಗ್ಗೆಗಳು ಹೋದವು. ಸ್ವಾತಂತ್ರ್ಯ ಬರುವ ಹಿಂದಿನ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಚಾಚಿ ಮುಂಡಗೋಡಕ್ಕೆ ತಮ್ಮನ ಮನೆಗೆ ಹೋದಳು. ಗೋಡೆಯ ಆಚೆ ಅವಳು ಎಲ್ಲವನ್ನೂ ಕೇಳಿದ್ದಳು, ಒಂದು ದಿನವೂ ನನಗೆ ಒಂದು ಮಾತು ಅನ್ನಲಿಲ್ಲ. ಅವಳೂ ಈಗಿಲ್ಲ. ಅಣ್ಣ ಎರಡು ವರ್ಷದ ಹಿಂದೆ ಹೋದ. ಹವಾಲ್ದಾರ ಹೊರಟುಹೋಗಿದ್ದ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯವರು ನನ್ನನ್ನು ಕರೆದಿದ್ದರು. ನಲವತ್ತೆರಡರಲ್ಲಿ ಪೊಲೀಸರಿಗೆ ಎದುರು ನಿಂತು ಕಾಯ್ದೆ ಹೇಳಿದ ದಿಟ್ಟ ಹೆಣ್ಣುಮಗಳು ಎಂದು ಹೆಡ್‌ಮಾಸ್ತರರು ಮೈಕಿನಲ್ಲಿ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು, ಹಾರ ಹಾಕಲು ಬಂದರು. ನಾನು ತಲೆ ಬಗ್ಗಿಸಿ ಹಾಕಿಸಿಕೊಂಡೆ. ಅರ್ಜಿ ಚಾಚಾನ ಹೆಸರನ್ನು ಆ ದಿನ ಅಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.