ನನ್ನ ಮುಂಗೈ ಮೇಲಿನ ಚೇಳು

ಪೊಲೀಸ್ ಕಾರ್ಯಾಚರಣೆಗೆ ಐದಾರು ವರ್ಷ ಮೊದಲಿನ ಮಾತು. ನಿಜಾಮರ ಆಡಳಿತದಲ್ಲಿ ನಾನು ಲಿಂಗಸುಗೂರಿನ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಸಿಂಧನೂರು ದಾರಿಯ ಊರೊಂದರಲ್ಲಿ ಸಿಡುಬು ಕಾಣಿಸಿತು. ಅದು ಹಬ್ಬುವ ಮೊದಲೇ ಮಸ್ಕಿ ಸುತ್ತಲಿನ ಮಕ್ಕಳಿಗೆ ದೇವಿ ಹಾಕಿ ಬಾ ಎಂದು ನನ್ನನ್ನು ಕಳಿಸಿದರು. ದೇವಿ ಹಾಕುವುದೆಂದರೆ ತೋಳಿನ ಮೇಲೆ ಗೀರಿ ಸಿಡುಬಿನ ಲಸಿಕೆ ಹಚ್ಚುವುದು. ಮೊದಲ ಹಳ್ಳಿಯಲ್ಲೇ ಬಾಗಿಲುಗಳು ಮುಚ್ಚಿಕೊಂಡವು. ಹಿಂದಿನ ಸಲ ದೇವಿ ಹಾಕಿದಾಗ ಮಕ್ಕಳಿಗೆ ಜ್ವರ ಬಂದಿತ್ತಂತೆ.

ತೆರೆದಿದ್ದದ್ದು ಗಂಗವ್ವನ ಮನೆ ಒಂದೇ. ಅಲ್ಲಿ ಅವಳ ಮಗಳು ಹನುಮವ್ವನಿಗೆ, ಗಂಡನ ಮನೆಗೆ ಹೋಗುವ ಮೊದಲು, ಯಲ್ಲವ್ವನೆಂಬ ಮುದುಕಿ ಹಚ್ಚೆ ಚುಚ್ಚಲು ಕೂತಿದ್ದಳು. ಸೂಜಿ ಕುದಿಸಿಕೊಡುವ ನೆಪದಲ್ಲಿ ನಾನೂ ಕೂತೆ. ಹುಡುಗಿಯ ನಾಡಿ ಹಿಡಿದು ಗಡಿಯಾರ ನೋಡಿದರೆ ನಿಮಿಷಕ್ಕೆ ನೂರಿಪ್ಪತ್ತು. ಸೂಜಿ ಇನ್ನೂ ತಾಗಿರಲೇ ಇಲ್ಲ. ಯಲ್ಲವ್ವ ಅತ್ತೆಯನ್ನು ಅಣಕಿಸುವ ಹಾಡೆತ್ತಿಕೊಂಡು ಚುಚ್ಚತೊಡಗಿದಳು. ಹುಡುಗಿ ನಕ್ಕಳು. ನಾಡಿ ತೊಂಬತ್ತಕ್ಕೆ ಇಳಿಯಿತು.

ಮರುದಿನ ಹನುಮವ್ವನ ಕೈ ಬಾತು ಮೈ ಬೆಚ್ಚಗಾಗಿತ್ತು. ಗಾಬರಿಯಾದವನು ನಾನೊಬ್ಬನೇ.

“ಹೊಸಾದು ಒಳಗ ಬಂದೈತಿ ಅಂತ ಮೈಗೆ ಗೊತ್ತಾಗೈತ್ರಿ. ಕಾವಲು ಎದ್ದು ನಿಂತೈತಿ. ನಾಕು ದಿನಕ್ಕ ಇಳಿತೈತಿ,” ಎಂದಳು ಯಲ್ಲವ್ವ.

ನಮ್ಮ ಡಾಕ್ಟರ್ ಸಾಹೇಬರು ರೋಗನಿರೋಧಕ ಶಕ್ತಿ ಎಂದು ಹೇಳಿಕೊಟ್ಟಿದ್ದೂ ಇದನ್ನೇ.

“ಲಸಿಕಿ ಜ್ವರಾನೂ ಇದ ಕಾವಲು, ಯವ್ವಾ. ಊರಾಗ ನೀನ ಹೇಳು,” ಎಂದೆ.

ಗಂಗವ್ವ ಬಿಡಲಿಲ್ಲ. “ಹಂಗಾದ್ರ ಮೊದಲು ನೀವು ಹಚ್ಚಿ ಚುಚ್ಚಿಸ್ಕೊಳ್ರಿ ಸಾಹೇಬ್ರ. ಮಂದಿಗೆ ಚುಚ್ಚಾಕ ಬಂದೀರಿ, ನಿಮ್ಮ ಕೈ ನೋಡಿದ್ರ ಖಾಲಿ.”

ಹಿಂಜರಿದರೆ ಊರು ಕೈತಪ್ಪುತ್ತಿತ್ತು. ಮುಂಗೈ ಚಾಚಿದೆ. ಅರ್ಧ ಊರು ನೋಡಲು ನೆರೆಯಿತು. ಹನುಮವ್ವ ನನ್ನ ನಾಡಿ ಹಿಡಿದಳು.

“ಇಲ್ಲಿ ಕುದುರಿ ಓಡಾಕತ್ತೈತಿ ಬೇ. ಇವ್ರಿಗೂ ಅತ್ತಿ ಹಾಡು ಹಾಡು.”

“ಇವ್ರಿಗೆ ಅತ್ತಿ ಹಾಡು ಸಾಲಂಗಿಲ್ಲ, ಹೇಣ್ತಿ ಹಾಡ ಬೇಕು,” ಎಂದು ಯಲ್ಲವ್ವ ಶುರು ಮಾಡಿದಳು. ನನ್ನ ಮನೆಯೊಳಗೆ ಇಣುಕಿ ಕಟ್ಟಿದಂತಿತ್ತು ಆ ಹಾಡು. ಹಾಡು ಮುಗಿಯುವಷ್ಟರಲ್ಲಿ ಮುಂಗೈ ಮೇಲೊಂದು ಚೇಳು ಮೂಡಿತ್ತು.

ಮಾರನೆಯ ದಿನ ಕೈ ಬಾತು, ಸಣ್ಣಗೆ ಜ್ವರವೂ ಬಂತು. ಅಂಗಿಯ ತೋಳು ಮಡಚಿಕೊಂಡು ಓಣಿ ಓಣಿ ಸುತ್ತಿದೆ. “ಕಾವಲು ಎದ್ದೈತಿ ನೋಡ್ರಿ,” ಎನ್ನುತ್ತ ಯಲ್ಲವ್ವ ಜೊತೆಗೆ ಬಂದಳು. ಮೊದಲು ಗಂಗವ್ವನೇ ಕಿರಿಯ ಮಗನನ್ನು ಎತ್ತಿಕೊಂಡು ಬಂದಳು. ಸಂಜೆಗೆ ತಂದಿದ್ದ ಲಸಿಕೆಯೆಲ್ಲ ಖಾಲಿ. ಆ ವರ್ಷ ಸಿಡುಬು ಆ ಊರಿಗೆ ಕಾಲಿಡಲಿಲ್ಲ.

ಸೂಜಿಗಿಂತ ಮುಂಚೆ ಹೆದರಿಕೆಗೆ ಮದ್ದು ಕೊಡಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿ. ನಿವೃತ್ತಿಯಾಗುವವರೆಗೂ ಪೆಟ್ಟಿಗೆ ತೆರೆಯುವ ಮೊದಲು ತೋಳು ಮಡಚಿ ಚೇಳು ತೋರಿಸುತ್ತಿದ್ದೆ. ಅದರ ಬಾಲ ಯಾಕೆ ಸೊಟ್ಟಗಿದೆ ಎಂದು ಮಕ್ಕಳು ತಪ್ಪದೆ ಕೇಳುತ್ತಿದ್ದರು. ಯಲ್ಲವ್ವ ಬಾಲ ಚುಚ್ಚುವಾಗ ನಾನು ನಗುತ್ತಿದ್ದೆ.