ಜೋಗೇಶ್ವರಿಯ ಮೈದಾನದಲ್ಲಿ ರಮಾನಾಥ

ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕಾಫಿ ಬೆರೆಸುತ್ತಿದ್ದ ರಮಾನಾಥನಿಗೆ ರಗ್ಬಿಯ ನಿಯಮ ಒಂದೂ ಗೊತ್ತಿರಲಿಲ್ಲ. ಆದರೂ ಪರೇಲಿನ ವರ್ಕ್‌ಶಾಪ್ ತಂಡ ಎಲ್ಲಿಗೆ ಆಡಲು ಹೋದರೂ ಬಾಕ್ಸ್ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹಿಂದೆಯೇ ಹೊರಡುತ್ತಿದ್ದ. ಕಾರಣ, ಆ ತಂಡದಲ್ಲಿದ್ದ ಗೆಳೆಯ ಕೊರಗ. ಇಬ್ಬರೂ ಕಾಪು ಕಡೆಯ ಒಂದೇ ಊರಿನವರು. ಪರೇಲಿನ ಚಾಳಿನಲ್ಲಿ ಒಂದೇ ಖೋಲಿಯಲ್ಲಿ ವಾಸ. ವರ್ಕ್‌ಶಾಪಿನಲ್ಲಿ ಸುತ್ತಿಗೆ ಬೀಸುವ ಕೊರಗನ ಹೆಗಲು ನೋಡಿಯೇ ಬಿಳಿಯ ಫೋರ್‌ಮನ್ ಅವನನ್ನು ತಂಡಕ್ಕೆ ಸೇರಿಸಿಕೊಂಡಿದ್ದ. ಮೂರು ಜನ ಮೈಮೇಲೆ ಜೋತುಬಿದ್ದರೂ ಚೆಂಡು ಬಿಡದೆ ಓಡುವ ಕೊರಗನ ಫೋಟೋಗಳು ಊರಿನಲ್ಲಿ ಅವನ ತಾಯಿಗೆ ತಲುಪುತ್ತಿದ್ದವು.

ಐವತ್ತಾರರ ಮಳೆಗಾಲದಲ್ಲಿ ಜೋಗೇಶ್ವರಿಯ ಕಾರ್ಖಾನೆ ತಂಡದ ಎದುರು ಆಟವಿತ್ತು. ಚಾಳಿನವರೆಲ್ಲ ಲೋಕಲ್ ರೈಲು ಹತ್ತಿ ಹೊರಟರು. ಅವರ ಮುಂದಾಳು ಶೇಖರ ದಾರಿಯುದ್ದಕ್ಕೂ ಎದುರಾಳಿಗಳನ್ನು ಬೈಯುತ್ತಲೇ ಬಂದ. ಮೈದಾನ ಕೆಸರುಗದ್ದೆಯಾಗಿತ್ತು. ರಮಾನಾಥನ ಕ್ಯಾಮೆರಾಗೆ ದೂರದ್ದು ಸಿಗುತ್ತಿರಲಿಲ್ಲ, ಹಾಗಾಗಿ ಮೈದಾನದ ಅಂಚಿನ ಗೆರೆಯ ಮೇಲೆಯೇ ನಿಂತಿದ್ದ.

ಆಟ ಮುಗಿಯಲು ಬಂದಾಗ ಕೊರಗ ಚೆಂಡಿನ ಮೇಲೆ ಬಿದ್ದ. ಜೋಗೇಶ್ವರಿಯ ಪರಪ್ಪ ಎಂಬುವನು ಓಡಿಬಂದು ಬೂಟುಗಾಲಿನಿಂದ ಅವನ ದವಡೆಗೆ ಒದ್ದ. ಮೂಳೆ ಮುರಿದ ಸದ್ದು ಗೆರೆಯವರೆಗೆ ಕೇಳಿತು. ಕೊರಗನ ಬಾಯಿಂದ ರಕ್ತದೊಡನೆ ಹಲ್ಲುಗಳೂ ಕೆಸರಿಗೆ ಬಿದ್ದವು.

ಚಾಳಿನವರು ಕೊಡೆ, ಬಾವುಟದ ಕೋಲು ಹಿಡಿದು ನುಗ್ಗಿದರು. ರೆಫರಿ ಓಡಿದ. ಪರಪ್ಪನನ್ನು ಕೆಡವಿ ಹೊಟ್ಟೆ, ಬೆನ್ನು, ಮುಖ ಎನ್ನದೆ ತುಳಿದರು. ರಮಾನಾಥನೂ ಒಳಗೆ ಓಡಿ ಒಂದು ಒದೆ ಕೊಟ್ಟ. ಅಷ್ಟರಲ್ಲಿ ಶೇಖರ ಎರಡೂ ಕೈಯಲ್ಲಿ ದೊಡ್ಡ ಕಲ್ಲೊಂದನ್ನು ಎತ್ತಿಕೊಂಡು ಬಂದ.

"ಫೋಟೋ ತೆಗಿ ರಮಾನಾಥ," ಎಂದ. "ಇವ ಸಾಯೋದನ್ನ ತೆಗಿ."

ರಮಾನಾಥ ಕ್ಯಾಮೆರಾ ಎದೆಗೆ ಹಿಡಿದು, ಅದರ ಮೇಲಿನ ಗಾಜಿನೊಳಗೆ ಬಗ್ಗಿ ನೋಡಿದ. ತಲೆಯನ್ನು ಮುಚ್ಚಿಕೊಂಡಿದ್ದ ಪರಪ್ಪನ ಕೈಗಳು ಸಡಿಲವಾಗಿ ಪಕ್ಕಕ್ಕೆ ಜಾರಿದವು. ಇನ್ನು ಅವನಿಗೆ ತಡೆಯುವ ತ್ರಾಣವಿರಲಿಲ್ಲ. ರಮಾನಾಥ ಕ್ಯಾಮೆರಾದ ಪಟ್ಟಿ ಹಿಡಿದು ಬೀಸಿ ಶೇಖರನ ಕಿವಿಗೆ ಹೊಡೆದ. ಕಲ್ಲು ಶೇಖರನ ಕೈತಪ್ಪಿ ಕೆಸರಿಗೆ ಬಿತ್ತು. ಮರುಕ್ಷಣ ಚಾಳಿನವರೆಲ್ಲ ರಮಾನಾಥನ ಮೇಲೆ ಬಿದ್ದರು. ಪೊಲೀಸರು ಲಾಠಿ ಬೀಸಿಕೊಂಡು ಬರುವಷ್ಟರಲ್ಲಿ ಅವನ ಪಕ್ಕೆಲುಬು ಮುರಿದಿತ್ತು, ಬಲಗೈ ಬೆರಳುಗಳು ಬೂಟಿನಡಿ ಜಜ್ಜಿಹೋಗಿದ್ದವು.

ಪರಪ್ಪ ಬದುಕಿಕೊಂಡ. ಕೊರಗನ ದವಡೆಗೆ ಆಸ್ಪತ್ರೆಯಲ್ಲಿ ತಂತಿ ಬಿಗಿದರು. ರಮಾನಾಥ ಎದೆಗೆ ಪಟ್ಟಿ ಸುತ್ತಿಕೊಂಡೇ ಗಂಜಿತಿಳಿ ಒಯ್ದು, ನಳಿಗೆಯಲ್ಲಿ ಕುಡಿಸುತ್ತಿದ್ದ. ಚಾಳಿನವರು ಕೊರಗನಿಗೆ ಎಲ್ಲ ಹೇಳಿದ್ದರು. ಒಂದು ಸಂಜೆ ಅವನು ನಳಿಗೆ ತಳ್ಳಿ, ಕಚ್ಚಿದ ಹಲ್ಲಿನ ನಡುವಿನಿಂದಲೇ ಕೇಳಿದ:

"ನನ್ನ ಮುಖ ಒಡೆದವನನ್ನ ಬಿಡಿಸಿದಿಯಂತೆ. ಯಾಕೆ ಮಾರಾಯ?"

"ಅವ ಸಾಯ್ತಿದ್ದ."

ಕೊರಗ ಗೋಡೆ ಕಡೆ ತಿರುಗಿದ.

"ಆ ಕಲ್ಲು ನಾನೇ ಎತ್ತಿದ್ರೆ? ನನಗೂ ಹೊಡೀತಿದ್ದೆಯಾ?"

"ಹೊಡೀತಿದ್ದೆ."

ಕೊರಗ ಇತ್ತ ಹೊರಳಿದ. ಗಂಜಿಗೆ ಕೈ ಚಾಚಿದ.

ಚಾಳಿನಲ್ಲಿ ರಮಾನಾಥನಿಗೆ ಜಾಗವಿಲ್ಲವೆಂದಾಗ ಕೊರಗನೂ ತನ್ನ ಟ್ರಂಕು ಹೊತ್ತು ಹೊರಬಿದ್ದ. ತಂಡದವರು ಎರಡು ಸಲ ಆಟಕ್ಕೆ ಕರೆಯಲು ಬಂದರೂ ಅವನು ಹೋಗಲಿಲ್ಲ. ಶೇಖರನಿಗೆ ಏಟು ಬಿದ್ದ ಕಿವಿ ಮತ್ತೆ ಕೇಳಿಸಲಿಲ್ಲ. ಪರೇಲಿನ ರಸ್ತೆಯಲ್ಲಿ ಅವನು ಎದುರಾದಾಗಲೆಲ್ಲ ಕೊರಗ ಮುಂದೆ ಬಂದು ರಮಾನಾಥನನ್ನು ತನ್ನ ಒಳಬದಿಗೆ ಸರಿಸಿಕೊಂಡು ನಡೆಯುತ್ತಿದ್ದ.